ಸರ್ಕಾರಿ ಶಾಲೆಗೆ ಹೊಸದಾಗಿ ಸೇರುವವರು ಎಲ್ಲಿಂದ ಶುರು ಮಾಡಬೇಕು: ಶಿಕ್ಷಕಿಯಾಗಲಿರುವ ನನ್ನ ಲೆಕ್ಕಾಚಾರ

ಈ ವರ್ಷ ನನ್ನ ಶಿಕ್ಷಕ ತರಬೇತಿ ಮುಗಿಯುತ್ತದೆ. ಮುಂದೆ ಎಲ್ಲಿಗೆ ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ಸರ್ಕಾರಿ ಶಾಲೆ, ಅದರಲ್ಲೂ ಪ್ರಾಥಮಿಕ ತರಗತಿ. ಬೇರೆ ಕೆಲಸ ಸಿಗದೆ ಹೋಗುತ್ತಿರುವುದಲ್ಲ, ಬೇಕೆಂದೇ ಹೋಗುತ್ತಿದ್ದೇನೆ. ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿರುವ ಶಾಲೆ ಅದೊಂದೇ. ಪ್ರಾಥಮಿಕ ಶಿಕ್ಷಣ ಉಚಿತವಾಗಿರಬೇಕು, ಕಡ್ಡಾಯವಾಗಿರಬೇಕು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ 1948ರಲ್ಲೇ ಹೇಳಿತು. ಮಕ್ಕಳು ಶಾಲೆಗೆ ಬಂದರು ಕೂಡ. ಆದರೆ 2019ರಲ್ಲಿ ವಿಶ್ವಬ್ಯಾಂಕ್ ಮುಂದಿಟ್ಟ ಅಂದಾಜಿನ ಪ್ರಕಾರ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ಮಕ್ಕಳಲ್ಲಿ ಶೇ. 53ರಷ್ಟು ಮಂದಿಗೆ ಒಂದು ಸರಳ ಕಥೆಯನ್ನು ಓದಿ ಅರ್ಥಮಾಡಿಕೊಳ್ಳಲು ಬರುವುದಿಲ್ಲ. ಅವರಲ್ಲಿ ಬಹುಪಾಲು ಮಕ್ಕಳ ಹೆಸರು ಯಾವುದೋ ಶಾಲೆಯ ಹಾಜರಿ ಪುಸ್ತಕದಲ್ಲಿ ಇದೆ.

ಸರ್ಕಾರಿ ಶಾಲೆ ಸುಧಾರಿಸಬೇಕು ಎಂದಾಗ ಮಾತು ಕಟ್ಟಡ, ಬಣ್ಣ, ಕಂಪ್ಯೂಟರ್‌ಗಳ ಕಡೆಗೆ ಹೊರಳುತ್ತದೆ. ಅವು ಬೇಡ ಎನ್ನುತ್ತಿಲ್ಲ. ನನ್ನ ವಾದ ಇಷ್ಟೇ: ಮುಂದೆ ಕೂತಿರುವ ಮಗುವಿಗೆ ಈಗ ಏನು ಬರುತ್ತದೆ ಎಂದು ಶಿಕ್ಷಕರಿಗೆ ಗೊತ್ತಿದ್ದು, ಪಾಠ ಅಲ್ಲಿಂದ ಶುರುವಾಗದಿದ್ದರೆ ಉಳಿದ ಯಾವ ಖರ್ಚೂ ಆ ಮಗುವಿನ ತನಕ ತಲುಪುವುದಿಲ್ಲ. ಇದನ್ನು ಮಾಡಲು ಯಾರ ಆದೇಶಕ್ಕೂ ಕಾಯಬೇಕಿಲ್ಲ. ನನ್ನ ಹಾಗೆ ಹೊಸದಾಗಿ ಹೋಗುವವರಿಗಾಗಿ, ಬೋಧನಾ ಅಭ್ಯಾಸದಲ್ಲಿ ಕಂಡದ್ದನ್ನೂ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲ ವಾರ ಪಠ್ಯಪುಸ್ತಕ ತೆರೆಯಬೇಡಿ

ಮೊದಲ ವಾರ ಪ್ರತಿ ಮಗುವಿನ ಜೊತೆ ಐದೈದು ನಿಮಿಷ ಒಬ್ಬರೇ ಕೂತುಕೊಳ್ಳಿ. ಉಳಿದ ಮಕ್ಕಳಿಗೆ ಚಿತ್ರ ಬಿಡಿಸುವುದೋ ಗುಂಪಿನ ಆಟವೋ, ಏನಾದರೂ ಕೆಲಸ ಕೊಟ್ಟಿರಿ. ಕೋಣೆಯ ಒಂದು ಮೂಲೆಯಲ್ಲಿ, ಬೇರೆಯವರಿಗೆ ಕೇಳಿಸದ ಹಾಗೆ ಕೂರಬೇಕು. ಓದಲು ಬಾರದ ಮಗುವನ್ನು ಇಡೀ ತರಗತಿಯ ಎದುರು ಓದಿಸಿದರೆ ಅದು ಮುಂದೆಂದೂ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ನಾಲ್ಕು ಹಾಳೆ ಸಿದ್ಧ ಮಾಡಿಕೊಳ್ಳಿ. ಒಂದರಲ್ಲಿ ಬಿಡಿ ಅಕ್ಷರಗಳು, ಇನ್ನೊಂದರಲ್ಲಿ ಸರಳ ಪದಗಳು, ಮತ್ತೊಂದರಲ್ಲಿ ನಾಲ್ಕು ಸಾಲಿನ ಒಂದು ಪ್ಯಾರಾ, ಕೊನೆಯದರಲ್ಲಿ ಎಂಟು ಹತ್ತು ಸಾಲಿನ ಕಥೆ. ಪ್ಯಾರಾದಿಂದ ಶುರು ಮಾಡಿ. ಮಗು ಸಲೀಸಾಗಿ ಓದಿದರೆ ಕಥೆಗೆ ಹೋಗಿ, ತಡವರಿಸಿದರೆ ಪದಗಳಿಗೆ ಇಳಿಯಿರಿ, ಅದೂ ಆಗದಿದ್ದರೆ ಅಕ್ಷರ. ಕಥೆ ಓದಿದ ಮಗುವಿಗೆ ಎರಡು ಪ್ರಶ್ನೆ ಕೇಳಿ. ಪಟಪಟ ಓದಿ ಒಂದಕ್ಕೂ ಉತ್ತರ ಹೇಳದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರು ಅಚ್ಚುಕಟ್ಟಾಗಿ ಓದುವುದರಿಂದಲೇ ಯಾರ ಗಮನಕ್ಕೂ ಬರುವುದಿಲ್ಲ. ಗಣಿತಕ್ಕೂ ಹೀಗೆಯೇ: ಅಂಕಿ ಗುರುತಿಸುವುದು, ಎರಡಂಕಿಯ ಕಳೆಯುವ ಲೆಕ್ಕ, ಒಂದು ಭಾಗಾಕಾರ. ಹೆಚ್ಚೇನೂ ಬೇಡ.

ಬರೆದುಕೊಳ್ಳಬೇಕಾದದ್ದು ಸರಿ ತಪ್ಪನ್ನಲ್ಲ, ಮಗು ಹೇಗೆ ಮಾಡಿತು ಎಂಬುದನ್ನು. ಒಂದು ಉದಾಹರಣೆ ಹೇಳುತ್ತೇನೆ. ಬೋಧನಾ ಅಭ್ಯಾಸಕ್ಕೆ ಹೋಗಿದ್ದಾಗ ಒಬ್ಬ ಹುಡುಗಿಯ ಪಟ್ಟಿಪುಸ್ತಕದಲ್ಲಿ ಕಳೆಯುವ ಲೆಕ್ಕದ ಪುಟವೆಲ್ಲ ಕೆಂಪು ಗೀಟು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು 52ರಲ್ಲಿ 28 ಕಳೆ ಎಂದೆ. 36 ಎಂದು ಬರೆದಳು. ಹೇಗೆ ಬಂತು ಹೇಳು ಎಂದೆ. "ಎಂಟರಲ್ಲಿ ಎರಡು ಹೋದ್ರೆ ಆರು, ಐದರಲ್ಲಿ ಎರಡು ಹೋದ್ರೆ ಮೂರು" ಎಂದಳು, ಒಂದಿಷ್ಟೂ ತಡವರಿಸದೆ. ಮೇಲಿರಲಿ ಕೆಳಗಿರಲಿ, ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಅವಳ ನಿಯಮ. ಪುಟದ ಅಷ್ಟೂ ಲೆಕ್ಕಗಳಲ್ಲಿ ಅದೇ ನಿಯಮವನ್ನು ಒಂದೆಡೆಯೂ ಬಿಡದೆ ಪಾಲಿಸಿದ್ದಳು. ದಶಕ ಬಿಡಿಸಬೇಕಾಗಿಲ್ಲದ ಲೆಕ್ಕಗಳಲ್ಲಿ ಉತ್ತರ ಸರಿ ಬರುತ್ತಿದ್ದುದರಿಂದ ಆ ನಿಯಮದ ಮೇಲೆ ಅವಳಿಗೆ ನಂಬಿಕೆಯೂ ಕುದುರಿತ್ತು.

ಇದು ಅವಳೊಬ್ಬಳ ಕಥೆಯಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ಇಂಥ ತಪ್ಪುಗಳನ್ನು ವಿಂಗಡಿಸಿ, ಮಕ್ಕಳು ಮನಸ್ಸಿಗೆ ಬಂದಂತೆ ತಪ್ಪು ಮಾಡುವುದಿಲ್ಲ, ತಪ್ಪು ವಿಧಾನವೊಂದನ್ನು ಶ್ರದ್ಧೆಯಿಂದ ಪಾಲಿಸುತ್ತಿರುತ್ತಾರೆ ಎಂದು ತೋರಿಸಿದ್ದರು. ಗೀಟು ಹಾಕಿ ಮೂರು ಸಲ ಬರೆದುಕೊಂಡು ಬಾ ಎಂದರೆ ಆ ತಪ್ಪು ನಿಯಮವೇ ಇನ್ನೂ ಗಟ್ಟಿಯಾಗುತ್ತದೆ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಕೊಟ್ಟು, ಇದರಲ್ಲಿ 28 ನನಗೆ ಕೊಡು ಎಂದು ಕೈ ಚಾಚಿ. ಮಗು ಎರಡು ಕಟ್ಟು ಕೊಡುತ್ತದೆ, ಬಿಡಿ ಎರಡನ್ನೂ ಕೊಡುತ್ತದೆ, ಇನ್ನೂ ಆರು ಬೇಕಲ್ಲ ಎಂದು ಕೈಯಲ್ಲಿರುವುದನ್ನೇ ನೋಡುತ್ತದೆ. ಆಗ ನೀವು ಬಾಯಿ ತೆರೆಯಬಾರದು. ಕಟ್ಟಿನ ರಬ್ಬರ್ ಬ್ಯಾಂಡನ್ನು ಅದು ತಾನಾಗಿ ಬಿಚ್ಚಬೇಕು. ಬಿಚ್ಚಿದ ಮೇಲೆಯೇ ದಶಕ ಬಿಡಿಸುವುದು ಎಂದು ನಾವು ಬೋರ್ಡಿನ ಮೇಲೆ ಹೇಳುವ ಮಾತಿಗೆ ಅರ್ಥ ಬರುವುದು.

ದಿನಕ್ಕೊಂದು ಗಂಟೆ, ಬಂದಷ್ಟರಿಂದ ಮುಂದಕ್ಕೆ

ಮೊದಲ ವಾರದ ಕೊನೆಗೆ ನಿಮ್ಮ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಐದನೆಯ ತರಗತಿಯ ಒಂದೇ ಕೋಣೆಯಲ್ಲಿ ಅಕ್ಷರ ಗುರುತಿಸಲು ಬಾರದವರೂ ಇರುತ್ತಾರೆ, ಕಥೆಪುಸ್ತಕ ಮುಗಿಸಿ ಇನ್ನೊಂದು ಕೊಡಿ ಎನ್ನುವವರೂ ಇರುತ್ತಾರೆ. ಅವರೆಲ್ಲರಿಗೂ ಒಂದೇ ಪುಟದ ಪಾಠ ಮಾಡುವುದೇ ನಮ್ಮ ಶಾಲೆಗಳ ದೊಡ್ಡ ತೊಂದರೆ ಎಂದು ನಾನು ನಂಬಿದ್ದೇನೆ.

ದಿನಕ್ಕೆ ಒಂದು ಗಂಟೆ ತರಗತಿಯ ಲೆಕ್ಕ ಬಿಟ್ಟು, ಯಾರಿಗೆ ಎಷ್ಟು ಬರುತ್ತದೋ ಅದರ ಮೇಲೆ ಗುಂಪು ಮಾಡಿ. ಸಾಧ್ಯವಿದ್ದರೆ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಒಟ್ಟಿಗೆ ಸೇರಿಸಿಕೊಂಡು ಮಾಡಿ. ಹಾಗಾದರೆ ಒಬ್ಬ ಶಿಕ್ಷಕರಿಗೆ ಒಂದು ಮಟ್ಟದ ಮಕ್ಕಳು ಸಿಗುತ್ತಾರೆ. ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ, ಸ್ಥಳೀಯ ಯುವತಿಯರಿಂದ ಮೂಲ ಓದು ಮತ್ತು ಲೆಕ್ಕ ಹೇಳಿಕೊಡಿಸಿದ ಪ್ರಯೋಗದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಕಲಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಆ ಅಧ್ಯಯನದ ತಂಡದಲ್ಲಿದ್ದರು. ನಂತರ ಇದೇ ವಿಧಾನದಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿ ಮತ್ತು ಸಾಮಗ್ರಿ ಮಾತ್ರ ಕೊಟ್ಟ ಕಡೆ ಏನೂ ಬದಲಾಗಲಿಲ್ಲ. ಹರಿಯಾಣದಲ್ಲಿ ಅದಕ್ಕೆಂದೇ ವೇಳಾಪಟ್ಟಿಯಲ್ಲಿ ಒಂದು ಗಂಟೆ ತೆಗೆದಿಟ್ಟಾಗ ಮಕ್ಕಳ ಓದು ಸುಧಾರಿಸಿತು. ಶಿಕ್ಷಕರಿಗೆ ಮನಸ್ಸಿದ್ದರೆ ಸಾಲದು, ವೇಳಾಪಟ್ಟಿಯಲ್ಲಿ ಜಾಗವೂ ಬೇಕು. ಸೇರಿದ ತಿಂಗಳೊಳಗೆ ಮುಖ್ಯ ಶಿಕ್ಷಕರ ಹತ್ತಿರ ಕೂತು ಈ ಒಂದು ಗಂಟೆಯನ್ನು ಬರೆಸಿಕೊಳ್ಳಿ. ಬೇರೇನನ್ನು ಕೇಳದಿದ್ದರೂ ಪರವಾಗಿಲ್ಲ, ಇದನ್ನು ಕೇಳಿ.

ಗುಂಪು ಮಾಡುವುದರಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡಲಾರೆ. "ದಡ್ಡರ ಗುಂಪು" ಎಂಬ ಹೆಸರು ಯಾರೂ ಇಡದೆಯೇ ಬಂದುಬಿಡುತ್ತದೆ. ಅದನ್ನು ತಡೆಯಲು ಮೂರು ಕೆಲಸ ಬಿಡದೆ ಮಾಡಬೇಕು. ಗುಂಪು ಆ ಒಂದು ಗಂಟೆಗೆ ಮಾತ್ರ, ಉಳಿದ ದಿನವೆಲ್ಲ ಮಕ್ಕಳು ಬೆರೆತೇ ಕೂರಬೇಕು. ಕೆಲವು ವಾರಗಳಿಗೊಮ್ಮೆ ಮತ್ತೆ ಓದಿಸಿ ನೋಡಿ, ಮುಂದೆ ಹೋದ ಮಗುವನ್ನು ಅವತ್ತೇ ಮುಂದಿನ ಗುಂಪಿಗೆ ಕಳಿಸಬೇಕು. ಒಂದು ಮಗು ಮೇಲೇರಿದ್ದು ಕಂಡರೆ ಉಳಿದವರಿಗೂ ಗುಂಪು ಶಾಶ್ವತವಲ್ಲ ಎಂದು ತಿಳಿಯುತ್ತದೆ. ಅಕ್ಷರದ ಗುಂಪನ್ನು ಶಾಲೆಯ ಅತ್ಯಂತ ನುರಿತ ಶಿಕ್ಷಕರೇ ತೆಗೆದುಕೊಳ್ಳಬೇಕು. ಈ ಮೂರನೆಯದು ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ.

"ಹಾಗಾದರೆ ಸಿಲಬಸ್?" ಎಂದು ಹಿರಿಯ ಸಹೋದ್ಯೋಗಿಗಳು ಖಂಡಿತ ಕೇಳುತ್ತಾರೆ. ಕೀನ್ಯಾದಲ್ಲಿ ನಡೆದ ಒಂದು ಅಧ್ಯಯನವನ್ನು ಅವರಿಗೆ ಹೇಳಿ. ಪುಸ್ತಕದ ಕೊರತೆಯಿದ್ದ ಗ್ರಾಮೀಣ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿ ನೋಡಿದರು. 2009ರಲ್ಲಿ ಫಲಿತಾಂಶ ಪ್ರಕಟವಾದಾಗ, ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ ಪ್ರಯೋಜನವಾಗಿತ್ತು. ಪುಸ್ತಕಗಳು ಇಂಗ್ಲಿಷ್‌ನಲ್ಲಿದ್ದವು, ಎಷ್ಟೋ ಮಕ್ಕಳಿಗೆ ಅದು ಮೂರನೆಯ ಭಾಷೆ. ಮಗು ಓದಲಾರದ ಪಾಠವನ್ನು ಮುಗಿಸಿದರೆ ಮುಗಿಯುವುದು ಪುಸ್ತಕ ಮಾತ್ರ.

ಪಾಠದ ನಡುವೆ

"ಅರ್ಥ ಆಯ್ತಾ?" ಎಂದು ಕೇಳುವುದನ್ನು ಬಿಡಿ. ಇಡೀ ತರಗತಿ ಒಂದೇ ದನಿಯಲ್ಲಿ ಹೂಂ ಎನ್ನುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ಒಂದು ಪ್ರಶ್ನೆ ಹಾಕಿ, ಎಲ್ಲರೂ ಸ್ಲೇಟಿನಲ್ಲಿ ಉತ್ತರ ಬರೆದು ಒಟ್ಟಿಗೆ ಎತ್ತಿ ಹಿಡಿಯಲಿ. ಆರನೆಯ ಒಂದು ಭಾಗ ದೊಡ್ಡದೋ ಎಂಟನೆಯ ಒಂದು ಭಾಗ ದೊಡ್ಡದೋ ಎಂದು ಕೇಳಿ ನೋಡಿ. ಅರ್ಧ ತರಗತಿ ಎಂಟನೆಯದೇ ದೊಡ್ಡದು ಎಂದು ಬರೆದರೆ ಆಶ್ಚರ್ಯಪಡಬೇಡಿ. ಆರಕ್ಕಿಂತ ಎಂಟು ದೊಡ್ಡದು ಎಂದು ಅವರಿಗೆ ಹೇಳಿಕೊಟ್ಟವರು ನಾವೇ. ಒಂದು ಕಾಗದದ ಪಟ್ಟಿ ಮಡಚಿ ತೋರಿಸಲು ಅದೇ ಸರಿಯಾದ ಗಳಿಗೆ. ನಾಳೆಗೆ ಬಿಟ್ಟರೆ ತಪ್ಪು ಬೇರುಬಿಡುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದುದು ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದ್ದೇ ತಡ, ಮಕ್ಕಳ ಉತ್ತರಗಳು ಉದ್ದವಾದವು, "ಗೊತ್ತಿಲ್ಲ" ಎನ್ನುವುದು ಕಡಿಮೆಯಾಯಿತು, ಕಲಿಕೆಯಲ್ಲಿ ಹಿಂದುಳಿದವರೂ ಬಾಯಿ ತೆರೆದರು. ಮೂರು ಸೆಕೆಂಡು ಎಂದರೆ ಏನು ಮಹಾ ಎನಿಸಬಹುದು. ನಲವತ್ತು ಮಕ್ಕಳು ನಿಮ್ಮ ಮುಖವನ್ನೇ ನೋಡುತ್ತಿರುವಾಗ ಅಷ್ಟು ಹೊತ್ತು ಮೌನವಾಗಿ ನಿಲ್ಲುವುದು ಕಷ್ಟ, ಅಭ್ಯಾಸ ಮಾಡಿಯೇ ಬರಬೇಕು. ನಾನು ಮನಸ್ಸಿನಲ್ಲೇ ಎಣಿಸುತ್ತೇನೆ.

ಹಿಂದಿನ ದಿನದ ಪಾಠದಿಂದ ಎರಡು, ಹಿಂದಿನ ವಾರದಿಂದ ಒಂದು ಪ್ರಶ್ನೆಯನ್ನು ಪುಸ್ತಕ ಮುಚ್ಚಿಸಿ ಕೇಳುವುದರಿಂದ ತರಗತಿ ಶುರು ಮಾಡಿ. ಅದಕ್ಕೆ ಅಂಕ ಕೊಡಬೇಡಿ. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರತೆಗೆಯುವುದರಿಂದ ಕಲಿತದ್ದು ಹೆಚ್ಚು ಕಾಲ ಉಳಿಯುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಪಟ್ಟಿಪುಸ್ತಕ ತಿದ್ದುವಾಗಲೂ ಅಂಕಕ್ಕಿಂತ ಒಂದು ಸಾಲಿನ ಮಾತು ಮೇಲು: "ಇಲ್ಲಿ ದಶಕ ಬಿಡಿಸಿ ಮತ್ತೆ ಮಾಡು." ಅಂಕ ಮತ್ತು ಟಿಪ್ಪಣಿ ಎರಡನ್ನೂ ಕೊಟ್ಟರೆ ಮಕ್ಕಳ ಕಣ್ಣು ಅಂಕದ ಮೇಲೆಯೇ ನಿಲ್ಲುತ್ತದೆ, ಟಿಪ್ಪಣಿಯ ಪ್ರಯೋಜನ ಕಳೆದುಹೋಗುತ್ತದೆ. ಸಂಶೋಧಕಿ ರೂತ್ ಬಟ್ಲರ್ 1988ರ ತಮ್ಮ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ.

ಕಣ್ಣು, ಕಿವಿ, ಶೌಚಾಲಯ

ಬೋರ್ಡ್ ನೋಡಿ ಬರೆಯುವಾಗ ಪಕ್ಕದವರ ಪುಸ್ತಕ ನೋಡುವ ಮಗುವನ್ನು ಕಳ್ಳ ಎನ್ನುವ ಮೊದಲು ಮುಂದೆ ಕೂರಿಸಿ ನೋಡಿ. ಚೀನಾದ ಗ್ರಾಮೀಣ ಶಾಲೆಗಳಲ್ಲಿ ದೃಷ್ಟಿದೋಷವಿದ್ದ ಮಕ್ಕಳಿಗೆ ಉಚಿತ ಕನ್ನಡಕ ಕೊಟ್ಟಾಗ ಗಣಿತದ ಅಂಕಗಳು ಏರಿದವು ಎಂಬ ವರದಿ 2014ರಲ್ಲಿ ಬಂದಿತ್ತು. ಆರೋಗ್ಯ ತಪಾಸಣೆಯವರು ಬರುವ ತನಕ ಕಾಯಬೇಕಿಲ್ಲ. ಗೋಡೆಗೊಂದು ಅಕ್ಷರದ ಚಾರ್ಟ್ ಅಂಟಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರೆ ಯಾರನ್ನು ವೈದ್ಯರ ಹತ್ತಿರ ಕಳಿಸಬೇಕು ಎಂದು ತಿಳಿಯುತ್ತದೆ. ಮಗುವಿನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದರೆ ಕಿವಿಯದೂ ಒಂದು ಅಂದಾಜು ಸಿಗುತ್ತದೆ. ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯೇ, ನೀರು ಬರುತ್ತದೆಯೇ ಎಂದು ನೀವೇ ಒಳಗೆ ಹೋಗಿ ನೋಡಿ. ದೊಡ್ಡ ತರಗತಿಯ ಹುಡುಗಿಯರು ಆಗಾಗ ಗೈರುಹಾಜರಾಗುವುದಕ್ಕೆ ಕಾರಣ ಅಲ್ಲೇ ಇರಬಹುದು, ಆದರೆ ಅದನ್ನು ಯಾವ ಹುಡುಗಿಯೂ ಎದ್ದು ನಿಂತು ಹೇಳುವುದಿಲ್ಲ.

ಮನೆಯವರ ಜೊತೆ

ದೂರು ಹೇಳಲು ಮಾತ್ರ ಪೋಷಕರನ್ನು ಕರೆಯಬೇಡಿ. ಮೊದಲ ತಿಂಗಳೊಳಗೆ ಪ್ರತಿ ಮನೆಗೂ ಒಂದು ಒಳ್ಳೆಯ ಸುದ್ದಿ ಮುಟ್ಟಿಸಿ: ನಿಮ್ಮ ಮಗ ಇವತ್ತು ಪೂರ್ತಿ ಪ್ಯಾರಾ ಓದಿದ, ಇಷ್ಟೇ ಸಾಕು. ಸಭೆ ಕರೆದಾಗ ಭಾಷಣ ಬೇಡ, ಅಂಕಪಟ್ಟಿಯೂ ಬೇಡ. ಮಗುವನ್ನು ಪಕ್ಕದಲ್ಲಿ ಕೂರಿಸಿ, ಅದಕ್ಕೆ ಬರುವುದನ್ನೇ ಓದಿಸಿ. ಸ್ವತಃ ಓದಲು ಬಾರದ ತಾಯಿಗೂ ಮಗಳು ಎಲ್ಲಿ ತಡೆಯುತ್ತಾಳೆ, ಹೋದ ಸಲಕ್ಕಿಂತ ಎಷ್ಟು ಸಲೀಸಾಗಿ ಓದುತ್ತಾಳೆ ಎಂದು ಕೇಳಿಯೇ ಗೊತ್ತಾಗುತ್ತದೆ.

ಓದಿಲ್ಲದ ಪೋಷಕರಿಗೆ ಹೋಂವರ್ಕ್ ನೋಡಿ ಎಂದು ಹೇಳುವುದು ಅವರನ್ನು ನಾಚಿಸುವುದಕ್ಕೆ ಮಾತ್ರ ಆಗುತ್ತದೆ. ಅವರಿಂದ ಆಗುವಂಥದ್ದನ್ನು ಹೇಳಿ: ದಿನಾ ಸಂಜೆ ಹತ್ತು ನಿಮಿಷ ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕೂರುವುದು, ಇವತ್ತು ಕಲಿತದ್ದನ್ನು ನನಗೂ ಹೇಳಿಕೊಡು ಎನ್ನುವುದು. ಸಭೆಗೆ ಬಾರದವರನ್ನು ಕಾಳಜಿ ಇಲ್ಲದವರು ಎಂದು ಬರೆದುಬಿಡಬೇಡಿ. ಒಂದು ದಿನದ ಕೆಲಸ ಬಿಟ್ಟರೆ ಆ ದಿನದ ಕೂಲಿ ಹೋಗುವವರಿಗೆ ಬೆಳಿಗ್ಗೆ ಹನ್ನೊಂದರ ಸಭೆ ಇಟ್ಟವರು ನಾವು. ಸಮಯ ಬದಲಿಸಿ ನೋಡಿ.

ಸಹೋದ್ಯೋಗಿಗಳ ಜೊತೆ

ಹೊಸಬರು ಬಂದು ಬುದ್ಧಿ ಹೇಳಿದರೆ ಯಾರಿಗೆ ತಾನೇ ಹಿಡಿಸೀತು? ಮೊದಲು ಅವರ ತರಗತಿಯಲ್ಲಿ ಹಿಂದೆ ಕೂತು ನೋಡಲು ಅನುಮತಿ ಕೇಳಿ. ಇಪ್ಪತ್ತು ವರ್ಷ ಪಾಠ ಮಾಡಿದವರ ಹತ್ತಿರ ಯಾವ ತರಬೇತಿ ಪುಸ್ತಕದಲ್ಲೂ ಇಲ್ಲದ ವಿದ್ಯೆ ಇರುತ್ತದೆ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಒಟ್ಟಿಗೆ ಕೂತು ಒಂದೇ ಪಾಠವನ್ನು ಯೋಜಿಸಿ, ಒಬ್ಬರು ಅದನ್ನು ಮಾಡುವಾಗ ಉಳಿದವರು ನೋಡಿ, ಆಮೇಲೆ ತಿದ್ದುವ ಪದ್ಧತಿ ಬಹಳ ಕಾಲದಿಂದ ಇದೆ. ನಿಮ್ಮ ಶಾಲೆಯಲ್ಲಿ ಇಬ್ಬರೇ ಇದ್ದರೂ ಇದು ಆಗುತ್ತದೆ. ನೋಡುವವರು ಪಾಠ ಮಾಡುವವರನ್ನು ನೋಡಬಾರದು, ಮೂರು ನಾಲ್ಕು ಮಕ್ಕಳನ್ನು ಆರಿಸಿಕೊಂಡು ಅವರು ಏನು ಮಾಡುತ್ತಿದ್ದಾರೆ ಎಂಬುದನ್ನೇ ಬರೆದುಕೊಳ್ಳಬೇಕು. ಆಗ ಚರ್ಚೆ ಶಿಕ್ಷಕರ ಕುರಿತ ಟೀಕೆಯಾಗದೆ ಪಾಠದ ಮೇಲೆಯೇ ನಿಲ್ಲುತ್ತದೆ.

ಒಂದು ಕಹಿ ಮಾತನ್ನೂ ಹೇಳಬೇಕು. 2006ರಲ್ಲಿ ಪ್ರಕಟವಾದ ಆರು ದೇಶಗಳ ಸಮೀಕ್ಷೆಯಲ್ಲಿ, ಮುನ್ಸೂಚನೆ ಇಲ್ಲದೆ ಭೇಟಿ ಕೊಟ್ಟಾಗ ಪ್ರಾಥಮಿಕ ಶಾಲೆಗಳ ಶಿಕ್ಷಕರಲ್ಲಿ ಸರಾಸರಿ ಶೇ. 19ರಷ್ಟು ಮಂದಿ ಶಾಲೆಯಲ್ಲಿ ಇರಲಿಲ್ಲ. ರಜೆ, ಸಭೆ, ಇಲಾಖೆಯ ಕೆಲಸ, ಕಾರಣ ಯಾವುದೇ ಇರಲಿ, ಕೋಣೆಯಲ್ಲಿ ಕಾಯುವ ಮಗುವಿಗೆ ಎಲ್ಲವೂ ಒಂದೇ. ಸರ್ಕಾರವನ್ನು ಕೇಳುವ ನಮ್ಮ ದನಿಗೆ ಬಲ ಬರಬೇಕಾದರೆ ನಾವು ಮೊದಲು ಕೋಣೆಯಲ್ಲಿ ಇರಬೇಕು.

ಸರ್ಕಾರವನ್ನು ಏನು ಕೇಳಬೇಕು, ಹೇಗೆ ಕೇಳಬೇಕು

ಶಿಕ್ಷಕರು ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅರವತ್ತು ಮಕ್ಕಳ ಕೋಣೆಯಲ್ಲಿ ಮೇಲೆ ಬರೆದ ಅರ್ಧದಷ್ಟು ಕೆಲಸವೂ ಆಗದು. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದ ಪ್ರಯೋಗದಲ್ಲಿ 13ರಿಂದ 17 ಮಕ್ಕಳ ಚಿಕ್ಕ ತರಗತಿಗಳು 22ರಿಂದ 25 ಮಕ್ಕಳ ತರಗತಿಗಳಿಗಿಂತ ಚೆನ್ನಾಗಿ ಕಲಿತವು, ಬಡ ಮನೆಯ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ಪೆರು ದೇಶದ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ ಯೋಜನೆಯ ಮೌಲ್ಯಮಾಪನ 2012ರಲ್ಲಿ ಬಂದಾಗ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹಣ ಒಂದಕ್ಕೇ ಸಾಲುತ್ತದೆ ಎಂದಾದರೆ ಯಂತ್ರಕ್ಕಿಂತ ಮೊದಲು ಇನ್ನೊಬ್ಬ ಶಿಕ್ಷಕರನ್ನು ಕೊಡಿ ಎಂದೇ ನಾನು ಕೇಳುತ್ತೇನೆ. ಫಿನ್ಲೆಂಡ್ 1970ರ ದಶಕದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸಾರ್ವಜನಿಕ ಶಾಲೆ ತಂದಾಗ, ಶಿಕ್ಷಕರ ತರಬೇತಿಯನ್ನು ಸ್ನಾತಕೋತ್ತರ ಪದವಿಯ ಮಟ್ಟಕ್ಕೇರಿಸುವ ಕೆಲಸವನ್ನೂ ಅದೇ ದಶಕದಲ್ಲಿ ಮಾಡಿತು. ಶಾಲೆಯನ್ನು ಬದಲಿಸಿ ಶಿಕ್ಷಕರನ್ನು ಇದ್ದಲ್ಲೇ ಬಿಟ್ಟಿದ್ದರೆ ಆ ಸುಧಾರಣೆ ಉಳಿಯುತ್ತಿರಲಿಲ್ಲ ಎಂದು ನನಗನಿಸುತ್ತದೆ.

ಮನವಿ ಬರೆಯುವಾಗ "ಮೂಲಸೌಕರ್ಯದ ಕೊರತೆ ಇದೆ" ಎಂದು ಬರೆದರೆ ಅದು ಕಡತ ಸೇರುತ್ತದೆ. ಒಂದೇ ಬೇಡಿಕೆ, ಒಂದೇ ಹಾಳೆ ಇರಲಿ. ನಿಮ್ಮ ಮೊದಲ ವಾರದ ಪಟ್ಟಿಯಿಂದ ಲೆಕ್ಕ ತೆಗೆದು ಹೀಗೆ ಬರೆಯಿರಿ: ಐದನೆಯ ತರಗತಿಯಲ್ಲಿ ಇಷ್ಟು ಮಕ್ಕಳಿದ್ದಾರೆ, ಇಷ್ಟು ಮಂದಿಗೆ ಪ್ಯಾರಾ ಓದಲು ಬರುವುದಿಲ್ಲ, ಇನ್ನೊಬ್ಬ ಶಿಕ್ಷಕರು ಇದ್ದರೆ ದಿನಕ್ಕೊಂದು ಗಂಟೆ ಇವರನ್ನು ಬೇರೆ ಕೂರಿಸಬಹುದು. ಮಕ್ಕಳ ಹೆಸರು ಹಾಕಬೇಡಿ. ಪೋಷಕರ ಸಹಿ ಇದ್ದರೆ ಒಳ್ಳೆಯದು. ಮನವಿಯ ಒಂದು ಪ್ರತಿಯನ್ನು ಶಾಲೆಯಲ್ಲಿಟ್ಟುಕೊಂಡು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ. ಬೋಧನೆಗೆ ಸಂಬಂಧಿಸದ ಕೆಲಸಕ್ಕೆ ನಿಮ್ಮನ್ನು ಕರೆದಾಗಲೆಲ್ಲ ದಿನಾಂಕ, ಹೋದ ಪೀರಿಯಡ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವರ್ಷದ ಕೊನೆಗೆ ಎಷ್ಟು ಪಾಠ ಹೋಯಿತು ಎಂದು ತೋರಿಸಲು ಅದಕ್ಕಿಂತ ಗಟ್ಟಿ ಆಧಾರ ಬೇರಿಲ್ಲ.

ವರ್ಷದ ಕೊನೆಯ ವಾರ

ಮಕ್ಕಳು ಮುಂದಿನ ತರಗತಿಗೆ ಹೋಗುವಾಗ ಅವರ ಜೊತೆ ಹೋಗುವುದು ಅಂಕಗಳು ಮಾತ್ರ. ಹೊಸ ಶಿಕ್ಷಕರು ಮತ್ತೆ ಶೂನ್ಯದಿಂದ ಹುಡುಕಬೇಕು. ಅದಕ್ಕೇ ಪ್ರತಿ ಮಗುವಿಗೆ ಮೂರು ಸಾಲಿನಂತೆ ಬರೆದು ಒಂದು ಪುಸ್ತಕ ಮಾಡಿ: ಈಗ ಏನು ಓದಬಲ್ಲಳು, ಯಾವ ಲೆಕ್ಕದಲ್ಲಿ ಎಡವುತ್ತಾಳೆ, ಏನು ಮಾಡಿದಾಗ ಅರ್ಥವಾಯಿತು. "ತುಂಟ", "ಮಂದ" ಎಂಬಂಥ ಪದಗಳು ಅದರಲ್ಲಿ ಬರಕೂಡದು. ಮನೆಯ ಕಷ್ಟಗಳನ್ನೂ ಬರೆಯಬೇಡಿ, ಅಂಥದ್ದೇನಾದರೂ ತಿಳಿದಿರಲೇಬೇಕಾದರೆ ಬಾಯಲ್ಲಿ ಹೇಳಿ. ಪುಸ್ತಕವನ್ನು ಅಲಮಾರಿಗೆ ಹಾಕದೆ ಮುಂದಿನ ಶಿಕ್ಷಕರ ಕೈಗೇ ಕೊಟ್ಟು, ಅರ್ಧ ಗಂಟೆ ಜೊತೆಗೆ ಕೂತು ವಿವರಿಸಿ. ವರ್ಗವಾಗಿ ಬೇರೆ ಶಾಲೆಗೆ ಹೋಗುತ್ತಿದ್ದರೆ ಮೊದಲ ಪುಟದಲ್ಲಿ ನಿಮ್ಮ ಫೋನ್ ನಂಬರ್ ಬರೆದಿಡಿ, ಮೊದಲ ವಾರದಲ್ಲಿ ಅವರಿಗೆ ಏನಾದರೂ ಕೇಳುವುದು ಇದ್ದೇ ಇರುತ್ತದೆ.